ಅಪ್‌ಡೇಟ್: ಪಲ್ಸ್ ಸೊನ್ನೆ ಆದಾಗ ಎನರ್ಜಿ ಎಲ್ಲಿ

ಕೋಆಕ್ಸ್ ಕೇಬಲಲ್ಲಿ (ಟಿವಿ ಕೇಬಲ್ ಥರದ್ದು) ಪ್ಲಸ್ 1 ವೋಲ್ಟ್, ಮೈನಸ್ 1 ವೋಲ್ಟ್ ಪಲ್ಸ್ (ಕ್ಷಣಮಾತ್ರದ ವೋಲ್ಟೇಜ್ ಅಲೆ) ಎದುರುಬದುರು ಬಂದು ಒಂದರ ಮೇಲೊಂದು ಕೂತಾಗ ವೋಲ್ಟೇಜ್ ಸೊನ್ನೆ, ಎನರ್ಜಿ ಎಲ್ಲೋಯ್ತು ಅಂತ ಹಿಂದೆ ಕೇಳಿದ್ದೆ. ಎಲ್ಲಾ ಕರೆಂಟಲ್ಲಿದೆ ಮಾರಾಯ್ರೆ! 50 ಓಮ್ ಲೈನಲ್ಲಿ (ಅಂದ್ರೆ ಓಡೋ ಪಲ್ಸಿಗೆ ಕೇಬಲ್ 50 ಓಮ್ ಥರ ಕಾಣುತ್ತೆ) ಒಂದೊಂದಕ್ಕೆ 20 ಮಿಲಿಆಂಪ್, ಮೈನಸ್ ಪಲ್ಸ್ ಉಲ್ಟಾ ದಿಕ್ಕಿಂದ ಬರೋದ್ರಿಂದ ಅದರ ಕರೆಂಟೂ ಅದೇ ಕಡೆ ಹರಿಯುತ್ತೆ, ಕೂಡಿ 40. ಕರೆಂಟ್ ಡಬಲ್ ಆದ್ರೆ ಮ್ಯಾಗ್ನೆಟಿಕ್ ಎನರ್ಜಿ ನಾಲ್ಕು ಪಟ್ಟು, ಒಂದು ಪಲ್ಸಿನ ಎನರ್ಜಿಲಿ ಮ್ಯಾಗ್ನೆಟಿಕ್ ಪಾಲು ಅರ್ಧ (ಉಳಿದರ್ಧ ವೋಲ್ಟೇಜಿಂದು), ಅರ್ಧದ ನಾಲ್ಕು ಪಟ್ಟು ಅಂದ್ರೆ ಎರಡು ಪಲ್ಸಿನ ಲೆಕ್ಕ ಚುಕ್ತಾ.

ಕಾರವಾರದಲ್ಲಿ ದೋಸ್ತನ ಆಸಿಲೋಸ್ಕೋಪಲ್ಲಿ (ವೋಲ್ಟೇಜನ್ನ ಪರದೆ ಮೇಲೆ ತೋರಿಸೋ ಯಂತ್ರ) ನೋಡೂ ಆಯ್ತು. ಕೇಬಲ್ ತುದಿಗೆ 1 ಓಮ್ ರೆಸಿಸ್ಟರ್ ಹಾಕಿದ್ವಿ, ಹೆಚ್ಚುಕಮ್ಮಿ ಶಾರ್ಟೇ, ಪಲ್ಸ್ ಉಲ್ಟಾ ಆಗಿ ವಾಪಸ್ ಬರುತ್ತೆ, ಹಾಗಾಗಿ ತುದಿಯಲ್ಲಿ ಪ್ಲಸ್, ಮೈನಸ್ ಎರಡೂ ಒಂದರ ಮೇಲೊಂದು ಕೂರುತ್ತೆ. ರೆಸಿಸ್ಟರ್ ಮೇಲೆ ಸಿಕ್ಕಿದ್ದು 40 ಮಿಲಿವೋಲ್ಟ್ ಹತ್ರ, ಅಂದ್ರೆ 40 ಮಿಲಿಆಂಪ್.