ಜೀನೋಮಿನಲ್ಲಿರುವ ಆಂಟಿಬಯೋಟಿಕ್ ಗುಚ್ಛಗಳು ಪ್ರಯೋಗಾಲಯದಲ್ಲಿ ಏಕೆ ಕಾಣಿಸಿಕೊಳ್ಳುವುದಿಲ್ಲ?

ಪ್ರಶ್ನೆ:
ಸ್ಟ್ರೆಪ್ಟೊಮೈಸೀಸ್ ಸೀಲಿಕಲರ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಜೀನೋಮ್ 2002ರಲ್ಲಿ ಪ್ರಕಟವಾದಾಗ, ದಶಕಗಳಿಂದ ಅಧ್ಯಯನ ಮಾಡುತ್ತಿದ್ದ ಆ ಜೀವಿಯಲ್ಲಿ ಆಂಟಿಬಯೋಟಿಕ್‌ನಂಥ ಸಂಯುಕ್ತಗಳನ್ನು ತಯಾರಿಸಬಲ್ಲ ಇಪ್ಪತ್ತಕ್ಕೂ ಹೆಚ್ಚು ಜೀನ್ ಗುಚ್ಛಗಳು (ಒಂದು ಸಂಯುಕ್ತವನ್ನು ಕಟ್ಟಲು ಬೇಕಾದ, ಅಕ್ಕಪಕ್ಕದಲ್ಲಿರುವ ಜೀನುಗಳ ಗುಂಪುಗಳು) ಪತ್ತೆಯಾದವು ಎಂದು ಓದಿದೆ. ಆದರೆ ಅದಕ್ಕೆ ಮುಂಚೆ ಅದರಿಂದ ದೊರೆತಿದ್ದ ಸಂಯುಕ್ತಗಳು ಬೆರಳೆಣಿಕೆಯಷ್ಟೇ. ಉಳಿದವು ಏಕೆ ಕಣ್ಣಿಗೆ ಬೀಳಲಿಲ್ಲ? ಡಿಎನ್‌ಎ ಅನುಕ್ರಮವನ್ನು ಓದಿಯೇ ಹೊಸ ಆಂಟಿಬಯೋಟಿಕ್‌ನ ರಚನೆಯನ್ನು ಹೇಳಬಹುದೇ?

ಉತ್ತರ 1:
ಇಂಥ ಅಣುಗಳನ್ನು ಕಟ್ಟುವುದು ಜೀವಕೋಶಕ್ಕೆ ದುಬಾರಿಯಾದ ಕೆಲಸ. ಆದ್ದರಿಂದ ಪೋಷಕಾಂಶದ ಕೊರತೆ, ನೆರೆಯ ಜೀವಿಗಳ ಪೈಪೋಟಿ ಮುಂತಾದ ಸಂಕೇತಗಳು ಬಂದಾಗ ಮಾತ್ರ ಎಷ್ಟೋ ಗುಚ್ಛಗಳು ಚಾಲನೆಗೊಳ್ಳುತ್ತವೆ. ಪ್ರಯೋಗಾಲಯದ ಸಮೃದ್ಧ ಮಾಧ್ಯಮದಲ್ಲಿ, ಒಂಟಿಯಾಗಿ ಬೆಳೆಯುವ ಬ್ಯಾಕ್ಟೀರಿಯಾಕ್ಕೆ ಆ ಸಂಕೇತಗಳು ತಲುಪುವುದೇ ಇಲ್ಲ. ಸ್ಪೈರಮೈಸಿನ್ ಎಂಬ ಆಂಟಿಬಯೋಟಿಕ್‌ಗೆ ಹೆಸರಾಗಿದ್ದ ಸ್ಟ್ರೆಪ್ಟೊಮೈಸೀಸ್ ಆಂಬೊಫೇಸಿಯನ್ಸ್ ಎಂಬ ಬ್ಯಾಕ್ಟೀರಿಯಾದಲ್ಲಿ, ಸುಪ್ತವಾಗಿದ್ದ ಸುಮಾರು 150 ಕಿಲೋಬೇಸ್ (ಒಂದೂವರೆ ಲಕ್ಷ ಡಿಎನ್‌ಎ ಅಕ್ಷರಗಳ) ಉದ್ದದ ಗುಚ್ಛವೊಂದರ ನಿಯಂತ್ರಕ ಜೀನ್ ಸದಾ ಕೆಲಸ ಮಾಡುವಂತೆ ಬದಲಾಯಿಸಿದಾಗ, 51 ಪರಮಾಣುಗಳ ಉಂಗುರವುಳ್ಳ ಸ್ಟ್ಯಾಂಬೊಮೈಸಿನ್‌ಗಳೆಂಬ ಸಂಯುಕ್ತಗಳು ಹೊರಬಂದವು. ಅದು 2011ರಲ್ಲಿ ಪ್ರಕಟವಾಯಿತು. ಎಲ್ಲ ಗುಚ್ಛಗಳೂ ಇಷ್ಟು ಸುಲಭವಾಗಿ ಮಣಿಯುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಉತ್ತರ 2:
ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಭಾಗಶಃ ಸಾಧ್ಯ. ಆಂಟಿಸ್ಮ್ಯಾಶ್ ತಂತ್ರಾಂಶವು ಗುಚ್ಛಗಳನ್ನು ಗುರುತಿಸಿ ಅವು ಯಾವ ಬಗೆಯವೆಂದು ಹೇಳುತ್ತದೆ. ಜೀವಕೋಶದ ಪ್ರೋಟೀನ್ ಯಂತ್ರವಾದ ರೈಬೋಸೋಮಿನ ನೆರವಿಲ್ಲದೆ ಪೆಪ್ಟೈಡ್ (ಅಮೈನೋ ಆಮ್ಲಗಳ ಸರಪಳಿ) ಕಟ್ಟುವ ಬೃಹತ್ ಕಿಣ್ವಗಳಲ್ಲಿ ಒಂದೊಂದು ಘಟಕವೂ ಸಾಮಾನ್ಯವಾಗಿ ಒಂದೊಂದು ಅಮೈನೋ ಆಮ್ಲವನ್ನು ಸೇರಿಸುವುದರಿಂದ, ಆ ಘಟಕಗಳ ಅನುಕ್ರಮದಿಂದಲೇ ಪೆಪ್ಟೈಡಿನ ಸರಣಿಯನ್ನು ಊಹಿಸಬಹುದು. 2016ರಲ್ಲಿ ವರದಿಯಾದ ಹ್ಯೂಮಿಮೈಸಿನ್‌ಗಳೆಂಬ ಆಂಟಿಬಯೋಟಿಕ್‌ಗಳು ದೊರೆತದ್ದು ಹೀಗೆಯೇ: ಮಾನವ ದೇಹಕ್ಕೆ ಸಂಬಂಧಿಸಿದ ಬ್ಯಾಕ್ಟೀರಿಯಾಗಳ ಜೀನೋಮುಗಳಿಂದ ರಚನೆಯನ್ನು ಊಹಿಸಿ, ಬ್ಯಾಕ್ಟೀರಿಯಾವನ್ನು ಬೆಳೆಸುವ ಗೋಜಿಗೆ ಹೋಗದೆ ರಾಸಾಯನಿಕವಾಗಿ ತಯಾರಿಸಿ ಪರೀಕ್ಷಿಸಲಾಯಿತು. ಆದರೆ ಸರಪಳಿ ಎಲ್ಲಿ ಉಂಗುರವಾಗಿ ಮುಚ್ಚಿಕೊಳ್ಳುತ್ತದೆ, ಅಂತಿಮ ಹಂತದಲ್ಲಿ ಯಾವ ಮಾರ್ಪಾಡುಗಳಾಗುತ್ತವೆ ಎಂಬ ಊಹೆ ತಪ್ಪುವುದುಂಟು. ಹಾಗೆ ತಯಾರಿಸಿದ ಅಣು ಕೆಲಸ ಮಾಡಿತೆಂದ ಮಾತ್ರಕ್ಕೆ ಬ್ಯಾಕ್ಟೀರಿಯಾವೂ ಅದನ್ನೇ ತಯಾರಿಸುತ್ತದೆಂದು ಹೇಳಲಾಗದು. ಔಷಧ ಬೇಕೆನ್ನುವವರಿಗೆ ಅದು ದೊಡ್ಡ ಕೊರತೆಯೂ ಅಲ್ಲ.

ಉತ್ತರ 3:
ಸಾವಿರಾರು ಗುಚ್ಛಗಳಲ್ಲಿ ಯಾವುದನ್ನು ಮೊದಲು ಆರಿಸಬೇಕು ಎಂಬುದೇ ನನ್ನ ದೃಷ್ಟಿಯಲ್ಲಿ ಹೆಚ್ಚು ಕಠಿಣ ಪ್ರಶ್ನೆ. ತಾನೇ ತಯಾರಿಸಿದ ವಿಷದಿಂದ ಪಾರಾಗಲು ಬ್ಯಾಕ್ಟೀರಿಯಾ ಹಲವು ಸಲ ಆ ವಿಷದ ಗುರಿಯಾದ ಕಿಣ್ವದ, ವಿಷ ತಟ್ಟದ ಇನ್ನೊಂದು ಪ್ರತಿಯನ್ನು ಗುಚ್ಛದೊಳಗೇ ಇಟ್ಟುಕೊಂಡಿರುತ್ತದೆ. ಅಂಥ ಹೆಚ್ಚುವರಿ ಜೀನನ್ನು ಹುಡುಕಿದರೆ ಅಣು ಯಾವುದರ ಮೇಲೆ ಕೆಲಸ ಮಾಡುತ್ತದೆಂಬ ಸುಳಿವು ಮೊದಲೇ ಸಿಗುತ್ತದೆ. ಕಡಲ ಬ್ಯಾಕ್ಟೀರಿಯಾವಾದ ಸ್ಯಾಲಿನಿಸ್ಪೋರಾದಲ್ಲಿ ಕೊಬ್ಬಿನಾಮ್ಲ ತಯಾರಿಸುವ ಕಿಣ್ವದ ಹೆಚ್ಚುವರಿ ಜೀನನ್ನು ಅನುಸರಿಸಿ ಹೋದವರಿಗೆ ಥಯೋಲ್ಯಾಕ್ಟೊಮೈಸಿನ್ ಎಂಬ ಆಂಟಿಬಯೋಟಿಕ್‌ನ ಗುಚ್ಛ ಸಿಕ್ಕಿತು. ಆ ಸಂಯುಕ್ತ ಮೊದಲೇ ಪರಿಚಿತವಾಗಿತ್ತು, ನಿಜ. ಹೊಸತಾಗಿ ದೊರೆತದ್ದು ಅದರ ಜೀನುಗಳು.