ಅಪ್‌ಡೇಟ್: ಸೋಯಾ ಮೇಣದಬತ್ತಿ ಕೊನೆಗೂ ಸರಿಯಾಯಿತು
ಹೋದ ತಿಂಗಳು ಕೇಳಿದ್ದೆ ಅಲ್ವಾ? 7.5 ಸೆಂ.ಮೀ. ಅಗಲದ ಗಾಜಿನ ಲೋಟದಲ್ಲಿ ಸೋಯಾ ಬ್ಲೆಂಡ್ ಮೇಣ (ಸೋಯಾ ಮೇಣಕ್ಕೆ ಬೇರೆ ಮೇಣ ಬೆರೆಸಿದ್ದು) ನಡುವೆ ಮಾತ್ರ ಕರಗಿ ಗುಂಡಿ ಬೀಳುತ್ತದೆ, ಪರಿಮಳವೂ ಬರುವುದಿಲ್ಲ ಅಂತ.

ಬತ್ತಿ ಒಂದು ಸೈಜ್ ದಪ್ಪ ಮಾಡಿ ಎಂದವರ ಮಾತೇ ಕೆಲಸ ಮಾಡಿತು. ಸಿಡಿ ಅನ್ನೋದು ಬತ್ತಿಯ ಒಂದು ಸರಣಿ, ಸಂಖ್ಯೆ ಹೆಚ್ಚಿದಷ್ಟೂ ಬತ್ತಿ ದಪ್ಪ; ಅದರಲ್ಲಿ ಸಿಡಿ 10 ಬಿಟ್ಟು ಸಿಡಿ 12 ಹಾಕಿದೆ. ಮೂರು ಗಂಟೆಯಲ್ಲಿ ಮೇಣ ಅಂಚಿನವರೆಗೂ ಕರಗಿತು.

ಸುಗಂಧದ ಎಣ್ಣೆಯನ್ನು ಶೇ. 6ರಿಂದ 10ಕ್ಕೆ ಏರಿಸಿದ್ದು ಮಾತ್ರ ಜಾಸ್ತಿಯಾಯಿತು. ಮೇಲೆಲ್ಲ ಎಣ್ಣೆ ಬೆವರಿತು, ಉರಿಯೂ ಕುಗ್ಗಿತು. ಶೇ. 7ಕ್ಕೆ ಇಳಿಸಿ, ಮುಚ್ಚಳ ಹಾಕಿ ಎರಡು ವಾರ ಸುಮ್ನೆ ಇಟ್ಟೆ. ಅಬ್ಬಾ, ಕೋಣೆ ತುಂಬ ಮಲ್ಲಿಗೆ!

ಅಚ್ಚರಿ ಏನೆಂದರೆ, ಮಲ್ಲಿಗೆಗೆ ಒಪ್ಪಿದ ಅದೇ ಬತ್ತಿ ವೆನಿಲ್ಲಾಗೆ ಸಾಲಲಿಲ್ಲ. ಅದಕ್ಕೆ ಸಿಡಿ 14 ಬೇಕಾಯಿತು. ಪರಿಮಳ ಬದಲಿಸಿದರೆ ಬತ್ತಿಯನ್ನೂ ಮತ್ತೆ ಪರೀಕ್ಷಿಸಿ. ಹಚ್ಚುವ ಮುಂಚೆ ಬತ್ತಿಯನ್ನು 6 ಮಿ.ಮೀ.ಗೆ ಕತ್ತರಿಸುವುದನ್ನು ಮರೆಯಬೇಡಿ. ಎಲ್ಲರಿಗೂ ತುಂಬಾ ಥ್ಯಾಂಕ್ಸ್!