ಒಂಬತ್ತು ವರ್ಷದ ಮಗಳ ಜೊತೆ ಎಚ್‌ಒ ಅಳತೆಯ ಬಾಕ್ಸ್‌ಎನ್ ವ್ಯಾಗನ್: ಗೋಡೆ ಬಾಗುತ್ತದೆ, ತಿರುವಿನಲ್ಲಿ ಹಳಿ ತಪ್ಪುತ್ತದೆ

ಹಳಿಪಕ್ಕ (ಪ್ರಶ್ನೆ)

ನಮಸ್ಕಾರ. ಮಗಳೂ ನಾನೂ ಸೇರಿ ಎಚ್‌ಒ, ಅಂದರೆ 1:87 ಅಳತೆಯಲ್ಲಿ ಬಾಕ್ಸ್‌ಎನ್ (ಮೇಲೆ ತೆರೆದ) ಗೂಡ್ಸ್ ವ್ಯಾಗನ್ ಮಾಡುತ್ತಿದ್ದೇವೆ. ಅವಳಿಗೆ ಒಂಬತ್ತು ವರ್ಷ. ವ್ಯಾಗನ್ ಗೋಡೆಗೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ಐವರಿ ಶೀಟ್ ರಟ್ಟು, ಒಂದೇ ಪದರ. ಅಂಟು ಫೆವಿಕಾಲ್. ಬೋಗಿ (ಗಾಲಿ ಕೂರುವ ಕೆಳಚೌಕಟ್ಟು) ಮತ್ತು ಲೋಹದ ಗಾಲಿಗಳನ್ನು ಬೇರೆ ಬೇರೆ ಕಡೆ ಕೊಂಡದ್ದು. ಹಳಿ 16.5 ಮಿ.ಮೀ. ಗೇಜಿನದು, ತಿರುವಿನ ತ್ರಿಜ್ಯ 360 ಮಿ.ಮೀ.

ಮೂರು ತೊಂದರೆ. ಉದ್ದದ ಗೋಡೆಗಳು ಒಣಗಿದ ಮೇಲೆ ಮೇಲಂಚಿನ ನಡುವೆ ಒಳಕ್ಕೆ ಬಾಗುತ್ತವೆ. ವ್ಯಾಗನ್ ಒಂದನ್ನೇ ಕೈಯಲ್ಲಿ ತಳ್ಳಿದರೆ ಸರಿಯಾಗಿ ಓಡುತ್ತದೆ, ರೈಲಿನ ನಡುವೆ ಜೋಡಿಸಿದರೆ ತಿರುವಿನಲ್ಲಿ ಹಳಿ ಬಿಡುತ್ತದೆ. ಮೂರನೆಯದು, ಕಟರ್ ಕೊಡಲು ಹೆದರಿಕೆ, ಹಾಗಾಗಿ ಮಗಳ ಪಾಲಿಗೆ ಬಣ್ಣ ಬಳಿಯುವುದೊಂದೇ ಉಳಿದಿದೆ. ರಟ್ಟು ಬಿಟ್ಟು ಪ್ಲಾಸ್ಟಿಕ್ ಶೀಟಿಗೆ ಹೋಗಬೇಕೆ?

ರಟ್ಟುಕೆಲಸ

ರಟ್ಟಿನಲ್ಲೇ ಇರಿ. ಮಗುವಿನ ಜೊತೆ ಮಾಡುವ ಕೆಲಸಕ್ಕೆ ಫೆವಿಕಾಲ್ ಮತ್ತು ರಟ್ಟಿನಷ್ಟು ಒಳ್ಳೆಯ ಜೋಡಿ ಇನ್ನೊಂದಿಲ್ಲ. ವಾಸನೆ ಇಲ್ಲ, ಒಣಗುವ ಮೊದಲು ತಿದ್ದಿಕೊಳ್ಳಲು ಸಮಯ ಸಿಗುತ್ತದೆ, ಕೆಟ್ಟರೆ ಇನ್ನೊಂದು ಹಾಳೆ. ವ್ಯಾಗನ್ನಿನ ಆಯ್ಕೆಯೂ ಸರಿಯಾಗಿದೆ: ಛಾವಣಿ ಇಲ್ಲ, ಕಿಟಕಿ ಇಲ್ಲ, ಗಿಡ್ಡ. ಅದೇ ಐಸಿಎಫ್ ಪ್ರಯಾಣಿಕರ ಡಬ್ಬಿಯಾದರೆ 21,337 ಮಿ.ಮೀ., ಅಂದರೆ ಮಾದರಿಯಲ್ಲಿ 245 ಮಿ.ಮೀ. ನಿಮ್ಮ 360ರ ತಿರುವಿನಲ್ಲಿ ಅದು ಒದ್ದಾಡುತ್ತದೆ.

ಗೋಡೆ ಬಾಗಲು ಕಾರಣ ನೀರು. ಫೆವಿಕಾಲಿನ ನೀರು ರಟ್ಟಿನ ಒಂದೇ ಮುಖಕ್ಕೆ ಇಳಿದಾಗ ಆ ಮುಖದ ನಾರು ಉಬ್ಬುತ್ತದೆ, ಒಣಗುವಾಗ ಕುಗ್ಗಿ ಎಳೆಯುತ್ತದೆ. ಒಳಮೂಲೆಗಳಲ್ಲಿ ಅಂಟು ದಪ್ಪವಾಗಿ ನಿಂತಿದ್ದರೆ ಎಳೆತ ಒಳಕ್ಕೇ. ಬಾಕ್ಸ್‌ಎನ್‌ಗೆ ಛಾವಣಿ ಇಲ್ಲದ್ದರಿಂದ ಮೇಲಂಚನ್ನು ಹಿಡಿದಿಡುವುದು ಏನೂ ಇಲ್ಲ.

ಪರಿಹಾರ ಹೀಗೆ. 200 ಜಿಎಸ್‌ಎಂ ಹಾಳೆಯ ಮೂರು ಪದರ ಅಂಟಿಸಿ, ದಪ್ಪ ಸುಮಾರು 0.8 ಮಿ.ಮೀ. ಆಗುತ್ತದೆ. ಎರಡು ಹೊರಪದರಗಳ ನಾರು ವ್ಯಾಗನ್ನಿನ ಉದ್ದಕ್ಕೆ, ನಡುವಿನದರ ನಾರು ಅಡ್ಡಕ್ಕೆ. ಎರಡೇ ಪದರವನ್ನು ಅಡ್ಡ ಉದ್ದ ಮಾಡಿ ಅಂಟಿಸಿದರೆ ಹಪ್ಪಳದಂತೆ ಸುರುಳಿ ಏಳುತ್ತದೆ; ಪ್ಲೈವುಡ್ಡಿನಲ್ಲಿ ಪದರ ಬೆಸಸಂಖ್ಯೆಯಲ್ಲಿರುವುದೂ ಇದಕ್ಕೇ. ನಾರಿನ ದಿಕ್ಕು ತಿಳಿಯಲು 10 ಸೆಂ.ಮೀ. ಚೌಕ ಕತ್ತರಿಸಿ ಎರಡೂ ಕಡೆ ಬಗ್ಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಬಾಗಿನ ಗೆರೆಗೆ ಸಮಾನಾಂತರವಾಗಿ ನಾರು ಓಡುತ್ತಿದೆ. ಈ ಪರೀಕ್ಷೆ ಮಗಳದ್ದು. ಅಂಟನ್ನು ಹಳೆಯ ಎಟಿಎಂ ಕಾರ್ಡಿನಿಂದ ತೆಳ್ಳಗೆ ಎಳೆಯಿರಿ, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ, ಇಡೀ ರಾತ್ರಿ ಬಿಡಿ. ಎಲ್ಲ ಭಾಗಗಳನ್ನೂ ಈ ಒಂದೇ ಹಲಗೆಯಿಂದ ಕತ್ತರಿಸಿ.

ಅಳತೆಗಳು. ನಿಜವಾದ ಬಾಕ್ಸ್‌ಎನ್ ಒಳಗೆ 9784 ಮಿ.ಮೀ. ಉದ್ದ, 2950 ಅಗಲ, 1950 ಎತ್ತರ. ಹೊರ ಅಗಲ 3200. ಎಲ್ಲವನ್ನೂ 87ರಿಂದ ಭಾಗಿಸಿ, ರಟ್ಟಿನ ದಪ್ಪ ಸೇರಿಸಿದರೆ: ತಳ 112.5 × 34, ತುದಿಗೋಡೆ ಎರಡು 34 × 23.3, ಉದ್ದಗೋಡೆ ಎರಡು 114 × 26. ತುದಿಗೋಡೆಯನ್ನು ತಳದ ಮೇಲೆ ನಿಲ್ಲಿಸಬೇಡಿ, ತಳದ ಅಂಚಿಗೆ ತಾಗಿಸಿ ಅಂಟಿಸಿ. ಉದ್ದಗೋಡೆಯಲ್ಲಿ 2.7 ಮಿ.ಮೀ. ತಳಕ್ಕಿಂತ ಕೆಳಗೆ ಇಳಿದು ತಳತೊಲೆಯಂತೆ ಕಾಣುತ್ತದೆ. ಹೊರಗಿನ ನೆಟ್ಟಗಿನ ಪಟ್ಟಿಗಳನ್ನು ಅದೇ ಹಲಗೆಯಿಂದ 1.5 ಮಿ.ಮೀ. ಅಗಲಕ್ಕೆ ಸೀಳಿ. ಎಷ್ಟು ಪಟ್ಟಿ, ಬಾಗಿಲು ಎಲ್ಲಿ ಎಂಬುದನ್ನು ಒಂದೇ ವ್ಯಾಗನ್ನಿನ ನೇರ ಪಕ್ಕನೋಟದ ಫೋಟೊ ನೋಡಿ ಎಣಿಸಿ, ಎರಡು ಮೂರು ಫೋಟೊ ಬೆರೆಸಬೇಡಿ.

ನಕ್ಷೆಯನ್ನು ಮುದ್ರಿಸುವುದಾದರೆ ಅದರಲ್ಲೇ 100 ಮಿ.ಮೀ. ಗೆರೆ ಒಂದನ್ನು ಸೇರಿಸಿ. ಪ್ರಿಂಟರ್ ಸೆಟ್ಟಿಂಗಿನಲ್ಲಿ ‘ಪುಟಕ್ಕೆ ಹೊಂದಿಸು’ ಇದ್ದರೆ ಆ ಗೆರೆ 96ಕ್ಕೋ 97ಕ್ಕೋ ಇಳಿಯುತ್ತದೆ, ವ್ಯಾಗನ್ನೂ ಅಷ್ಟೇ ಕುಗ್ಗುತ್ತದೆ. ಸ್ಕೇಲ್ ಇಟ್ಟು ಗೆರೆ ಅಳೆದು ‘ಪಾಸ್’ ಹೇಳುವುದು ಮಗಳ ಅಧಿಕಾರವಾಗಿರಲಿ.

ಜೋಡಿಸುವಾಗ 34 ಮಿ.ಮೀ. ಅಗಲದ ಎರಡು ಫೋಮ್‌ಬೋರ್ಡ್ ತುಂಡುಗಳನ್ನು ಗೋಡೆಗಳ ನಡುವೆ ಸಿಕ್ಕಿಸಿ, ಅಂಟು ಪೂರ್ತಿ ಒಣಗಿದ ಮೇಲೆ ತೆಗೆಯಿರಿ. ಮೂಲೆಗೆ ಜಾಮೆಟ್ರಿ ಬಾಕ್ಸಿನ ಸೆಟ್ ಸ್ಕ್ವೇರ್ ಸಾಕು. ಮೇಲಂಚಿಗೆ ಸುತ್ತಲೂ 1.5 ಮಿ.ಮೀ. ಪಟ್ಟಿ ಮಲಗಿಸಿ ಅಂಟಿಸಿ. ನಿಜವಾದ ವ್ಯಾಗನ್ನಿಗೂ ಆ ಅಂಚುಪಟ್ಟಿ ಇದೆ, ಅಲ್ಲೂ ಅದರ ಕೆಲಸ ಗೋಡೆ ಬಾಗದಂತೆ ತಡೆಯುವುದೇ. ಕೊನೆಗೆ, ಹೊರಗೆ ಮಾತ್ರ ಬಣ್ಣ ಬಳಿದರೆ ಮತ್ತೆ ಬಾಗುತ್ತದೆ. ಒಳಹೊರಗೆ ಎರಡೂ ಕಡೆ ಮೊದಲು ಮ್ಯಾಟ್ ಪ್ರೈಮರ್ ಸ್ಪ್ರೇ (ಇದು ದೊಡ್ಡವರ ಕೆಲಸ, ಹೊರಗೆ, ಮಾಸ್ಕ್ ಹಾಕಿಕೊಂಡು), ಆಮೇಲೆ ಅಕ್ರಿಲಿಕ್ ತೆಳ್ಳಗೆ ಮೂರು ಸಲ.

ಎಂಟುಗಾಲಿ

ಹಳಿ ತಪ್ಪುವ ವಿಷಯ. ಒಂಟಿಯಾಗಿ ಓಡಿ ರೈಲಿನ ನಡುವೆ ಮಾತ್ರ ಬೀಳುತ್ತದೆ ಎಂದಿರಲ್ಲ, ರೋಗ ಅದರಲ್ಲೇ ಗೊತ್ತಾಯಿತು: ತೂಕ ಸಾಲದು. ತಿರುವಿನಲ್ಲಿ ಮುಂದಿನ ಎಳೆತ, ಹಿಂದಿನ ಭಾರ ಎರಡೂ ಸೇರಿ ನಡುವಿನ ಹಗುರ ವ್ಯಾಗನ್ನನ್ನು ಒಳಬದಿಗೆ ಕೆಡವುತ್ತವೆ. ಎಲ್ಲ ವ್ಯಾಗನ್ನೂ ಒಂದೇ ಜಾಗದಲ್ಲಿ ಬಿದ್ದರೆ ಹಳಿಯ ಕೀಲು ನೋಡಬೇಕು. ಒಂದೇ ಗಾಲಿ ಎಲ್ಲೆಂದರಲ್ಲಿ ಬಿದ್ದರೆ ಆ ಗಾಲಿ ನೋಡಬೇಕು.

ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎ ಎಚ್‌ಒಗೆ ಸೂಚಿಸುವ ತೂಕ: 28 ಗ್ರಾಂ, ಅದರ ಮೇಲೆ ಉದ್ದದ ಪ್ರತಿ ಇಂಚಿಗೆ 14 ಗ್ರಾಂ. ನಿಮ್ಮ 112.5 ಮಿ.ಮೀ. ಅಂದರೆ 4.4 ಇಂಚು, ಹಾಗಾಗಿ ಒಟ್ಟು 90 ಗ್ರಾಂ. ಅಡುಗೆಮನೆಯ ತೂಕದ ಯಂತ್ರದ ಮೇಲೆ ಬೋಗಿ ಸಮೇತ ಇಟ್ಟು ನೋಡಿ, ಕೊರತೆ ಎಷ್ಟೆಂದು ಮಗಳೇ ಕಳೆಯಲಿ. 108 × 32 × 1 ಮಿ.ಮೀ. ಕಬ್ಬಿಣದ ತಗಡು 27 ಗ್ರಾಂ ತೂಗುತ್ತದೆ. ಎರಡು ಹಾಕಿದರೆ 54. ಗ್ರಿಲ್ ಕೆಲಸದ ಅಂಗಡಿಯಲ್ಲಿ ಕತ್ತರಿಸಿ ಕೊಡುತ್ತಾರೆ, ಅಂಚನ್ನು ಅರ ಹಾಕಿ ನುಣುಪು ಮಾಡಿಸಿ. ತಗಡಿನ ಬದಲು ವಾಷರ್‌ಗಳೂ ಆದೀತು. ಸೀಸ ಮಾತ್ರ ಬೇಡ, ಮಕ್ಕಳ ಕೈ ಬಾಯಿಗೆ ಹೋಗುತ್ತದೆ. ಭಾರ ಎರಡೂ ತುದಿಗೆ ಸಮವಾಗಿ ಹಂಚಿರಬೇಕು, ಆದಷ್ಟು ಕೆಳಗಿರಬೇಕು.

ಇನ್ನು ಬೋಗಿ. (ಊರಲ್ಲಿ ಬೋಗಿ ಅಂದರೆ ಇಡೀ ಡಬ್ಬಿ, ಇಲ್ಲಿ ಹೇಳುತ್ತಿರುವುದು ನಾಲ್ಕು ಗಾಲಿಯ ಕೆಳಚೌಕಟ್ಟು.) ನಿಜದ ಬಾಕ್ಸ್‌ಎನ್‌ನಲ್ಲಿ ಎರಡು ಬೋಗಿಗಳ ನಡುಬಿಂದುಗಳಿಗೆ 6524 ಮಿ.ಮೀ., ಮಾದರಿಯಲ್ಲಿ ಸರಿಯಾಗಿ 75. ಬೋಗಿಯೊಳಗೆ ಗಾಲಿಯಿಂದ ಗಾಲಿಗೆ 2000, ಅಂದರೆ 23 ಮಿ.ಮೀ. ಗಾಲಿಯ ವ್ಯಾಸ 1000, ಅಂದರೆ 11.5, ಅಂಗಡಿಯಲ್ಲಿ ಸಿಗುವ 11 ಮಿ.ಮೀ. ಗಾಲಿ ಸಾಕು. ಬೆಂಗಳೂರಿನ ಮಗುವಾದರೆ ಹೇಳಿ, ಆ ಒಂದು ಮೀಟರ್ ವ್ಯಾಸದ ಗಾಲಿಗಳನ್ನು ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲೇ ಎರಕ ಹೊಯ್ಯುತ್ತಾರೆ.

ಬೋಗಿ ಒಂದು ಕಡೆ, ಗಾಲಿ ಇನ್ನೊಂದು ಕಡೆ ಕೊಂಡಿರುವುದರಿಂದ ಅಚ್ಚಿನ (ಎರಡು ಗಾಲಿಗಳನ್ನು ಕೂಡಿಸುವ ಸರಳಿನ) ಉದ್ದ ಅಳೆಯಲೇಬೇಕು. ಮೊನೆಯಿಂದ ಮೊನೆಗೆ ಬ್ರಿಟನ್ ತಯಾರಿಕೆಗೆ ಸುಮಾರು 26 ಮಿ.ಮೀ., ಅಮೆರಿಕದ್ದಕ್ಕೆ 25.8, ಜರ್ಮನಿಯದ್ದಕ್ಕೆ ಇನ್ನೂ ಗಿಡ್ಡ, 24.5ರ ಆಸುಪಾಸು. ಉದ್ದವಾದರೆ ಚೌಕಟ್ಟು ಹಿಗ್ಗಿ ಗಾಲಿ ಬಿಗಿಯುತ್ತದೆ, ಗಿಡ್ಡವಾದರೆ ಗಾಲಿ ಒಂದು ಕಡೆ ಜೋತು ಬೀಳುತ್ತದೆ. ಗಾಲಿಗಳ ಒಳಮುಖದಿಂದ ಒಳಮುಖಕ್ಕೆ 14.4 ಮಿ.ಮೀ. ಇರಬೇಕು. ಆ ಅಗಲಕ್ಕೆ ಒಂದು ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಅರೆದು ಮಗಳ ಕೈಗೆ ಕೊಡಿ, ನಾಲ್ಕೂ ಜೋಡಿಯನ್ನು ಅವಳೇ ತಪಾಸಣೆ ಮಾಡಲಿ. ಎರಡು ಗಾಲಿಗಳಲ್ಲಿ ಒಂದಕ್ಕಾದರೂ ಪ್ಲಾಸ್ಟಿಕ್ ತೋಳು ಇದೆಯೇ ನೋಡಿ, ಇಲ್ಲದಿದ್ದರೆ ಹಳಿ ಶಾರ್ಟ್ ಆಗುತ್ತದೆ.

ಎಂ2 ತಿರುಪಿನಿಂದ ಎರಡೂ ಬೋಗಿಗಳನ್ನು ಒಂದೇ ಬಿಗಿಗೆ ಕೂರಿಸುವುದು ಎಲ್ಲರೂ ಮಾಡುವ ತಪ್ಪು. ಒಂದನ್ನು ಎಡಬಲಕ್ಕೆ ತಿರುಗುವಷ್ಟು ಮಾತ್ರ ಬಿಡಿ, ಓಲಾಡಬಾರದು. ಇನ್ನೊಂದನ್ನು ಅರ್ಧ ಸುತ್ತು ಸಡಿಲಿಸಿ, ಅದು ಎಲ್ಲ ಕಡೆಗೂ ಓಲಾಡಲಿ. ಮೂರು ಕಾಲಿನ ಸ್ಟೂಲು ಎಂಥ ನೆಲದಲ್ಲೂ ಕುಂಟುವುದಿಲ್ಲ ನೋಡಿ, ಅದೇ ಲೆಕ್ಕ. ತಿರುಗುವಾಗ ಗಾಲಿ ತಳತೊಲೆಗೆ ತಾಗಿದರೆ ಬೋಗಿಯ ನಡುವೆ 0.5 ಮಿ.ಮೀ. ವಾಷರ್ ಸೇರಿಸಿ.

ಕೊಕ್ಕೆಯ (ಕಪ್ಲರಿನ) ಎತ್ತರಕ್ಕೆ ಮಾತ್ರ ನಿಜದ ಅಳತೆಯನ್ನು 87ರಿಂದ ಭಾಗಿಸಬೇಡಿ. ನಮ್ಮ ಬ್ರಾಡ್‌ಗೇಜಿನ ಕಪ್ಲರ್ ಹಳಿಯಿಂದ ಗರಿಷ್ಠ 1105 ಮಿ.ಮೀ., ಮಾದರಿಗೆ 12.7 ಬರುತ್ತದೆ. ಎನ್‌ಎಂಆರ್‌ಎ ಕಪ್ಲರಿನ ನಡುಬಿಂದು ಮಾತ್ರ ಹಳಿಯಿಂದ 9.9 ಮಿ.ಮೀ. ಉಳಿದ ರೈಲಿನ ಜೊತೆ ಕೂಡಬೇಕಾದರೆ ಅದನ್ನೇ ಹಿಡಿಯಬೇಕು.

ಕೊನೆಯ ಪರೀಕ್ಷೆ: ಒಂದು ಮೀಟರ್ ಹಲಗೆ, ಮೇಲೆ ಹಳಿ, ಒಂದು ತುದಿಯ ಕೆಳಗೆ 2 ಸೆಂ.ಮೀ. ಎತ್ತರ. ವ್ಯಾಗನ್ ತಾನಾಗಿ ಉರುಳಿದರೆ ಗಾಲಿ ಸರಿ.

ಸ್ಟೈರೀನ್‌ಪಕ್ಷ

ರಟ್ಟುಕೆಲಸ ಅವರ ಮಾತಿಗೆ ಒಂದು ತಕರಾರು. ಮಳೆಗಾಲದಲ್ಲಿ ರಟ್ಟು ಎಷ್ಟು ಪದರವಾದರೂ ತೇವ ಹೀರುತ್ತದೆ, ಕರಾವಳಿ ಮಲೆನಾಡಲ್ಲಂತೂ ಕೇಳಬೇಡಿ. 1 ಮಿ.ಮೀ. ಸ್ಟೈರೀನ್ ಪ್ಲಾಸ್ಟಿಕ್ ಶೀಟಿಗೆ ಆ ಕಾಟವಿಲ್ಲ. ಅರ್ಧ ದಪ್ಪಕ್ಕೆ ಗೀರಿ ಮುರಿದರೆ ನೇರ ಅಂಚು ಬರುತ್ತದೆ, ಪೂರ್ತಿ ಕತ್ತರಿಸುವ ಅಪಾಯವೂ ಕಡಿಮೆ. ಕನಿಷ್ಠ ಹೊರಗಿನ ಪಟ್ಟಿಗಳನ್ನಾದರೂ ಪ್ಲಾಸ್ಟಿಕ್ಕಿನಲ್ಲಿ ಮಾಡಿ, ಅಂಚು ಚೂಪಾಗಿರುತ್ತದೆ.

ರಟ್ಟುಕೆಲಸ

ತೇವದ ಮಾತು ಒಪ್ಪುತ್ತೇನೆ. ಮಂಗಳೂರು, ಶಿರಸಿ ಕಡೆಯವರು ಎರಡೂ ಮುಖಕ್ಕೆ ವಾರ್ನಿಷ್ ಕೊಡದೆ ರಟ್ಟು ಬಳಸಬಾರದು. ಆದರೆ ಬೆರೆಸುವುದು ಬೇಡ. ಫೆವಿಕಾಲ್ ಸ್ಟೈರೀನಿಗೆ ಹಿಡಿಯುವುದಿಲ್ಲ, ಒಣಗಿದ ಮೇಲೆ ಪಟ್ಟಿ ಸಿಪ್ಪೆಯಂತೆ ಕಳಚುತ್ತದೆ. ಫೆವಿಕ್ವಿಕ್ ಹಿಡಿಯುತ್ತದೆ, ಆದರೆ ಅದು ಒಂಬತ್ತು ವರ್ಷದ ಬೆರಳಿಗಲ್ಲ. ಸ್ಟೈರೀನ್ ಕರಗಿಸುವ ದ್ರಾವಣದ ಆವಿಯೂ ಮುಚ್ಚಿದ ಕೋಣೆಗೆ ಸಲ್ಲದು. ಮಗಳು ಹನ್ನೆರಡು ದಾಟಲಿ, ಆಗ ಪೂರ್ತಿ ಸ್ಟೈರೀನಿಗೆ ಹೋಗಲಿ.

ರಟ್ಟಿನ ಪಟ್ಟಿಯ ಅಂಚು ಚೂಪಾಗಬೇಕಾದರೆ: ಕತ್ತರಿಸಿದ ಅಂಚಿಗೆ ನೀರು ಬೆರೆಸಿದ ಫೆವಿಕಾಲ್ ಸವರಿ, ಒಣಗಿದ ಮೇಲೆ 400 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಒಮ್ಮೆ ಎಳೆಯಿರಿ, ನಾರು ಏಳುವುದಿಲ್ಲ. ಪಟ್ಟಿ ಅಂಟಿಸುವುದು ಮಗಳಿಗೇ ಇರಲಿ. ಎರಡು ಪಟ್ಟಿಗಳ ನಡುವಿನ ಅಂತರದಷ್ಟೇ ಅಗಲದ ರಟ್ಟಿನ ತುಂಡೊಂದನ್ನು ಕತ್ತರಿಸಿ ಕೊಡಿ. ಒಂದು ಪಟ್ಟಿ ಅಂಟಿಸಿ, ತುಂಡನ್ನು ತಾಗಿಸಿ, ಮುಂದಿನ ಪಟ್ಟಿ. ಸ್ಕೇಲ್ ನೋಡದೆಯೇ ಸಾಲು ನೇರ ಬರುತ್ತದೆ. ಅಂಟಿಗೆ ಹಲ್ಲುಕಡ್ಡಿಯ ತುದಿ, ಡಬ್ಬಿಯ ಮೂತಿ ಬೇಡ. ಒಂದು ಸಲಕ್ಕೆ ನಲವತ್ತು ನಿಮಿಷ ಸಾಕು.

ಗೂಡ್ಸ್‌ಯಾರ್ಡ್

ಮಗಳಿಗೆ ಇನ್ನೊಂದು ಕೆಲಸವಿದೆ, ವ್ಯಾಗನ್ ಸಂಖ್ಯೆ. ಭಾರತೀಯ ರೈಲ್ವೆಯ ವ್ಯಾಗನ್ ಸಂಖ್ಯೆಗೆ 11 ಅಂಕಿ: ಮೊದಲ ಎರಡು ವ್ಯಾಗನ್ನಿನ ಬಗೆ, ಮುಂದಿನ ಎರಡು ಯಾವ ರೈಲ್ವೆಯದು, ಮತ್ತೆರಡು ತಯಾರಾದ ವರ್ಷ, ನಾಲ್ಕು ಕ್ರಮಸಂಖ್ಯೆ, ಕೊನೆಯದು ತಾಳೆ ಅಂಕಿ. ತೆರೆದ ವ್ಯಾಗನ್ನುಗಳಿಗೆ 10ರಿಂದ 29, ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆಗೆ 15.

ಅಭ್ಯಾಸಕ್ಕೆ 10 15 08 1234 ತೆಗೆದುಕೊಳ್ಳಿ. ಸಮಸ್ಥಾನದ ಅಂಕಿಗಳು 0, 5, 8, 2, 4. ಮೊತ್ತ 19, ಮೂರರಿಂದ ಗುಣಿಸಿದರೆ 57. ಬೆಸಸ್ಥಾನದವು 1, 1, 0, 1, 3, ಮೊತ್ತ 6. ಕೂಡಿದರೆ 63. ಮುಂದಿನ ಹತ್ತರ ಗುಣಕ 70ಕ್ಕೆ 7 ಬೇಕು, ತಾಳೆ ಅಂಕಿ 7. ಆದ್ದರಿಂದ 10150812347. ಬರೆದುಕೊಳ್ಳುವಾಗ ಒಂದು ಅಂಕಿ ತಪ್ಪಿದರೂ ಲೆಕ್ಕ ತಾಳೆಯಾಗುವುದಿಲ್ಲ. ಸ್ಟೇಷನ್ನಿನಲ್ಲಿ ಗೂಡ್ಸ್ ನಿಂತಾಗ ನಿಜವಾದ ಸಂಖ್ಯೆ ಬರೆದುಕೊಂಡು ಮನೆಯಲ್ಲಿ ಪರೀಕ್ಷಿಸಬಹುದು.

ಮನೆಯ ಪ್ರಿಂಟರಿನಲ್ಲಿ ಬಿಳಿ ಅಕ್ಷರ ಮುದ್ರಿಸಲಾಗದು. ಕಂದು ಹಿನ್ನೆಲೆ ಮುದ್ರಿಸಿ, ಅಕ್ಷರದ ಜಾಗವನ್ನು ಖಾಲಿ ಬಿಡಿ. ವ್ಯಾಗನ್ನಿಗೆ ಬಳಿಯುವ ಕಂದನ್ನು ಆ ಮುದ್ರಣದ ಕಂದಿಗೆ ಹೊಂದಿಸಿ, ಬಣ್ಣ ಮೊದಲೇ ಬಳಿದು ಆಮೇಲೆ ಮುದ್ರಣ ಹೊಂದಿಸಲು ಹೊರಟರೆ ಎಷ್ಟು ಹಾಳೆ ಹೋದರೂ ಸಾಲದು. ಕಾಗದದ ಬೆನ್ನನ್ನು ಸ್ಯಾಂಡ್‌ಪೇಪರಿನಲ್ಲಿ ತೆಳ್ಳಗೆ ಮಾಡಿ, ಬಿಳಿ ಅಂಚಿಗೆ ಕಂದು ಸ್ಕೆಚ್‌ಪೆನ್ ತಾಗಿಸಿ ಅಂಟಿಸಿ.

ಹಳಿಪಕ್ಕ

ಎಲ್ಲರಿಗೂ ಧನ್ಯವಾದ. ಅಚ್ಚು ಅಳೆದೆ: 25.8, ಬೋಗಿ ಜರ್ಮನಿ ಮಾದರಿಯದು, ಬಿಗಿಯುತ್ತಿದೆ. ಬೋಗಿಗೆ ಹೊಂದುವ ಗಾಲಿ ತರಿಸುತ್ತೇನೆ. ಒಂದು ಸಂದೇಹ. ತಗಡು ತಳದ ಮೇಲೆ ಹಾಕಿದರೆ ಖಾಲಿ ವ್ಯಾಗನ್ನಿನಲ್ಲಿ ಕಾಣುವುದಿಲ್ಲವೇ? ಮಗಳಿಗೆ ಬಳ್ಳಾರಿ ಕಡೆಯ ಕಬ್ಬಿಣದ ಅದಿರು ತುಂಬಬೇಕಂತೆ, ಎಲ್ಲಿವರೆಗೆ ತುಂಬಿಸಬೇಕು?

ಎಂಟುಗಾಲಿ

ಎರಡು ತಗಡು ಸೇರಿ 2 ಮಿ.ಮೀ. ಅದರ ಮೇಲೆ ಇನ್ನೊಂದು ರಟ್ಟಿನ ತಳ ಮುಚ್ಚಿ. ಒಳಆಳ 22.5ರಿಂದ 20ಕ್ಕೆ ಇಳಿದದ್ದು ಕಣ್ಣಿಗೆ ತಿಳಿಯುವುದಿಲ್ಲ.

ಅದಿರನ್ನು ಕಂಠಮಟ್ಟ ತುಂಬಬೇಡಿ. ಬಾಕ್ಸ್‌ಎನ್‌ನ ಒಳಗಾತ್ರ ಸುಮಾರು 56 ಘನ ಮೀಟರ್, ಹೊರುವ ಭಾರ ಸುಮಾರು 58 ಟನ್. ಕಲ್ಲಿದ್ದಲಾದರೆ ಅಂಚಿನವರೆಗೆ ಬರುತ್ತದೆ. ಕಬ್ಬಿಣದ ಅದಿರು ಘನ ಮೀಟರಿಗೆ ಎರಡು ಟನ್ನಿಗೂ ಮೇಲೆ ತೂಗುವುದರಿಂದ ಅರ್ಧಕ್ಕೂ ಮೊದಲೇ ಭಾರ ಮುಗಿಯುತ್ತದೆ. ಮಾದರಿಯಲ್ಲಿ ಮೂಲ ತಳದಿಂದ ಸರಾಸರಿ 10 ಮಿ.ಮೀ., ಅಂದರೆ ನಿಮ್ಮ ಮುಚ್ಚಿದ ತಳದಿಂದ 7 ಅಥವಾ 8, ಮೇಲೆ ಎರಡು ಮೂರು ತಗ್ಗು ಗುಡ್ಡೆ. 5 ಮಿ.ಮೀ. ಫೋಮ್‌ಬೋರ್ಡನ್ನು 111 × 33ಕ್ಕೆ ಕತ್ತರಿಸಿ, ಜರಡಿ ಹಿಡಿದ ಕೆಮ್ಮಣ್ಣಿಗೆ ಚೂರು ಕಪ್ಪು ಬಣ್ಣದ ಪುಡಿ ಬೆರೆಸಿ ಮೇಲೆ ಉದುರಿಸಿ. ಫೆವಿಕಾಲ್ ಒಂದು ಪಾಲು, ನೀರು ಒಂದು ಪಾಲು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸೇರಿಸಿ ಡ್ರಾಪರಿನಲ್ಲಿ ಬಿಡಿ. ಸೋಪು ಹಾಕದಿದ್ದರೆ ಹನಿ ಮುತ್ತಾಗಿ ನಿಂತು ಮಣ್ಣನ್ನು ಸರಿಸುತ್ತದೆ. ಇದನ್ನು ವ್ಯಾಗನ್ನಿನ ಹೊರಗೇ ಮಾಡಿ, ಎರಡು ದಿನ ಒಣಗಿಸಿ ಒಳಗಿಡಿ. ಅಂಟಿಸಬೇಡಿ, ಮರಳುವ ದಾರಿಯಲ್ಲಿ ವ್ಯಾಗನ್ ಖಾಲಿ ಓಡಬೇಕಲ್ಲ.